ಹಳೆಯ ಮನೆಯ ನವೀಕರಣ ಮತ್ತು ವಿಸ್ತರಣೆ: ಹಿತ್ತಲಿನ ಅಳತೆಯಿಂದ ಅಡುಗೆಮನೆಯ ದೀಪದವರೆಗೆ

ಧಾರವಾಡ, ಹುಬ್ಬಳ್ಳಿ, ಗದಗದ ಹಳೆಯ ಓಣಿಗಳಲ್ಲಿ ಮನೆ ಬೆಳೆಯಲು ಇರುವ ದಿಕ್ಕು ಸಾಮಾನ್ಯವಾಗಿ ಒಂದೇ, ಅದು ಹಿಂದಕ್ಕೆ. ಮುಂದೆ ಕಟ್ಟೆ ದಾಟಿದರೆ ರಸ್ತೆ ಇರುತ್ತದೆ, ಎರಡೂ ಬದಿಗೆ ನೆರೆಯವರ ಗೋಡೆ ಇರುತ್ತದೆ, ಆದ್ದರಿಂದ ಮಗನ ಮದುವೆಗೋ ಮಕ್ಕಳ ಓದಿಗೋ ಇನ್ನೊಂದು ಕೋಣೆ ಬೇಕೆಂದಾಗ ಎಲ್ಲರ ಕಣ್ಣೂ ಹಿತ್ತಲಿನ ಮೇಲೆ ಬೀಳುತ್ತದೆ. ಆದರೆ ಪಡಸಾಲೆ, ನಡುಮನೆ ದಾಟಿ ಕೊನೆಯಲ್ಲಿ ಹಿತ್ತಲಿಗೆ ಆತುಕೊಂಡಿರುವುದು ಅಡುಗೆಮನೆ, ಮತ್ತು ಅದಕ್ಕಿರುವ ಒಂದೇ ಕಿಟಕಿ ತೆರೆಯುವುದೂ ಆ ಹಿತ್ತಲಿಗೇ. ಹೊಸ ಕೋಣೆಯ ಗೋಡೆ ಎದ್ದ ದಿನ ಮನೆಯಲ್ಲಿ ಅತಿ ಹೆಚ್ಚು ಹೊತ್ತು ಕೆಲಸ ನಡೆಯುವ ಜಾಗ ಕತ್ತಲಾಗುತ್ತದೆ.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಗುತ್ತಿಗೆದಾರರು ತಂದ ನಕ್ಷೆಯಲ್ಲಿ ಹೊಸ ಮಲಗುವ ಕೋಣೆ ಚೆನ್ನಾಗಿಯೇ ಕಾಣುತ್ತಿತ್ತು. ಅಡುಗೆಮನೆಯ ಕಿಟಕಿ ಏನಾಗುತ್ತದೆಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಸ್ಲ್ಯಾಬ್ ಬಿದ್ದ ಮೇಲೆ ಮೊದಲ ಬೆಳಗ್ಗೆ ರೊಟ್ಟಿ ತಟ್ಟಲು ನಿಂತ ಅವ್ವ, "ಇಲ್ಲಿ ನನ್ನ ಕೈ ನನಗ ಕಾಣವಲ್ದು" ಎಂದಳು. ಆ ತಪ್ಪನ್ನು ಸರಿಪಡಿಸಲು ಕಟ್ಟಿದ್ದರಲ್ಲಿ ಒಂದಿಷ್ಟನ್ನು ಒಡೆಯಬೇಕಾಯಿತು. ಈ ಕೆಲಸವನ್ನು ಅಡುಗೆಮನೆಯ ಬೆಳಕಿನ ಲೆಕ್ಕದಿಂದ ಆರಂಭಿಸಬೇಕು ಎಂದು ನಾನು ಒತ್ತಿ ಹೇಳುವುದು ಆ ಅನುಭವದಿಂದಲೇ.

ಮೊದಲ ಹಂತ: ಬೆಳಕು ಬರುವ ದಾರಿಯನ್ನು ಗುರುತಿಸಿಕೊಳ್ಳುವುದು

ಇಂಜಿನಿಯರ್ ಬಳಿ ಹೋಗುವ ಮೊದಲು ಅಳತೆಪಟ್ಟಿ ಹಿಡಿದು ಇಡೀ ಮನೆಯ ನಕ್ಷೆಯನ್ನು ಚೌಕಳಿ ಹಾಳೆಯ ಮೇಲೆ ಬರೆದುಕೊಳ್ಳಿರಿ. ಪ್ರತಿ ಕಿಟಕಿ, ಬಾಗಿಲು ಮತ್ತು ಬೆಳಕಿಂಡಿಯನ್ನು ತೋರಿಸಿ, ಬೆಳಗ್ಗೆ 8, ಮಧ್ಯಾಹ್ನ 12 ಮತ್ತು ಸಂಜೆ 5 ಗಂಟೆಗೆ ಬಿಸಿಲು ಎಲ್ಲಿಯವರೆಗೆ ಬರುತ್ತದೆಂದು ಗುರುತು ಹಾಕಿರಿ. ಇಲ್ಲಿ ಒಂದು ಸಂಗತಿ ಗಮನದಲ್ಲಿರಲಿ. ನಮ್ಮ ಭಾಗ ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ ಇರುತ್ತಾನೆ. ಆದ್ದರಿಂದ ಉತ್ತರದ ಕಿಟಕಿ ವರ್ಷದ ಬಹುಭಾಗ ನೇರ ಬಿಸಿಲಿಲ್ಲದ ಸಮನಾದ ಬೆಳಕನ್ನು ಕೊಡುತ್ತದೆ. ಅಡುಗೆ ಕಟ್ಟೆಗೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಪಶ್ಚಿಮದ ಕಿಟಕಿ ಸಂಜೆಯ ಬಿಸಿಯನ್ನೂ ಮಳೆಗಾಲದ ಇರಿಚಲನ್ನೂ ಒಳಗೆ ತರುತ್ತದೆ, ಅದಕ್ಕೆ ಮೇಲೆ 2 ಅಡಿ ಚಾಚಿದ ಛಜ್ಜಾ ಇಲ್ಲದೆ ಆಗದು.

ಹಿತ್ತಲಿನ ಕಡೆ ವಿಸ್ತರಿಸಲೇಬೇಕಾದಾಗ ಮೂರು ದಾರಿಗಳಿವೆ. ನನ್ನ ಒಲವು ಮೊದಲನೆಯದರ ಕಡೆಗಿದೆ: ಅಡುಗೆಮನೆಯನ್ನೇ ಹೊಸ ಭಾಗಕ್ಕೆ ಒಯ್ದು, ಹಳೆಯ ಅಡುಗೆಮನೆಯನ್ನು ಊಟದ ಕೋಣೆ ಅಥವಾ ಕಾಳುಕಡಿಯ ಕೋಣೆಯಾಗಿ ಮಾಡುವುದು. ಎರಡನೆಯದು, ಹಳೆಯ ಗೋಡೆಗೂ ಹೊಸ ಕೋಣೆಗೂ ನಡುವೆ ಕನಿಷ್ಠ 5 ಅಡಿಯ ತೆರೆದ ಚೌಕವನ್ನು ಬಿಡುವುದು. ಪಾತ್ರೆ ತೊಳೆಯಲು, ಬಟ್ಟೆ ಒಣಹಾಕಲು, ತುಳಸಿ ಕಟ್ಟೆಗೆ ಆ ಜಾಗ ಒದಗುತ್ತದೆ. ಮೂರನೆಯದು ಮೇಲಿನಿಂದ ಬೆಳಕು ತರುವುದು. ಮಣ್ಣಿನ ಚಾವಣಿಯ ಮಾಳಿಗೆ ಮನೆಗಳಲ್ಲಿ ನಮ್ಮ ಹಿರಿಯರು ಬೆಳಕಿಂಡಿ ಇಟ್ಟದ್ದು ಇದೇ ಕಾರಣಕ್ಕೆ. ಈಗ ಸ್ಲ್ಯಾಬ್‌ನಲ್ಲಿ 2 ಅಡಿ ಚೌಕದ ಕಿಂಡಿ ಬಿಟ್ಟು, ಅದರ ಸುತ್ತ 6 ಇಂಚು ಎತ್ತರದ ಕಾಂಕ್ರೀಟ್ ಅಂಚು ಎಬ್ಬಿಸಿ, ಮೇಲೆ ಲ್ಯಾಮಿನೇಟೆಡ್ ಟಫನ್ಡ್ ಗಾಜು ಕೂರಿಸಬಹುದು. ಅಂಚು ಎಬ್ಬಿಸದೆ ಗಾಜನ್ನು ಸ್ಲ್ಯಾಬ್‌ನ ಮಟ್ಟದಲ್ಲೇ ಕೂರಿಸಿದರೆ ಮೊದಲ ಮಳೆಗೇ ಸೋರುತ್ತದೆ. ಗಾಜಿನ ಕೆಳಗೆ ಒಂದು ಬದಿಗೆ ಗಾಳಿ ಆಡುವ ಜಾಲರಿ ಇಟ್ಟರೆ ಏಪ್ರಿಲ್ ತಿಂಗಳ ಬಿಸಿಗಾಳಿ ಮೇಲಿಂದಲೇ ಹೊರಹೋಗುತ್ತದೆ.

ಎರಡನೆಯ ಹಂತ: ಕಾಗದಪತ್ರ

ಇದನ್ನು ಬೇಗ ಮುಗಿಸಬೇಕು, ಬಿಡುವಂತಿಲ್ಲ. ಮುಂಬೈ ಪ್ರಾಂತಕ್ಕೆ ಸೇರಿದ್ದ ಭಾಗವಾದ್ದರಿಂದ ನಮ್ಮಲ್ಲಿ ಹಳೆಯ ಮನೆಗಳಿಗೆ ಸಿಟಿಎಸ್ (ಸಿಟಿ ಸರ್ವೇ) ನಂಬರ್ ಮತ್ತು ಮಾಲೀಕರ ಹೆಸರು ತೋರಿಸುವ ಸಿಟಿ ಸರ್ವೇ ಉತಾರ ಇರುತ್ತವೆ. ಉತಾರದಲ್ಲಿ ಅಜ್ಜನ ಹೆಸರೇ ಇದ್ದರೆ ಮೊದಲು ವಾರಸಾ, ಅಂದರೆ ವಾರಸುದಾರರ ಹೆಸರು, ದಾಖಲು ಮಾಡಿಸಿರಿ. ಅಣ್ಣತಮ್ಮಂದಿರ ವಾಟ್ನಿ (ಆಸ್ತಿ ಪಾಲು) ಆಗಿರದಿದ್ದರೆ, ಅಕ್ಕತಂಗಿಯರೂ ಸೇರಿ ಎಲ್ಲ ಹಕ್ಕುದಾರರ ಲಿಖಿತ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆಯ ಮೇಲೆ ಕಟ್ಟಿದ ಕೋಣೆ ಮುಂದೆ ವಾಟ್ನಿಯ ಹೊತ್ತಿನಲ್ಲಿ ಯಾರ ಪಾಲಿಗೆ ಬರುತ್ತದೆಂಬುದು ಮನಸ್ಸು ಮುರಿಯುವ ಜಗಳಕ್ಕೆ ಕಾರಣವಾಗುತ್ತದೆ. ನೆರೆಮನೆಯೊಂದಿಗಿನ ಸಾಮಾಯಿಕ (ಇಬ್ಬರಿಗೂ ಸೇರಿದ) ಗೋಡೆಗೆ ಕೈ ಹಚ್ಚುವುದಿದ್ದರೆ ಅವರ ಒಪ್ಪಿಗೆಯೂ ಬರವಣಿಗೆಯಲ್ಲಿರಲಿ.

ಬಳಿಕ ನೋಂದಾಯಿತ ಇಂಜಿನಿಯರ್ ಸಹಿ ಮಾಡಿದ ನಕ್ಷೆಯೊಂದಿಗೆ ಕಟ್ಟಡ ಪರವಾನಗಿಗೆ ಅರ್ಜಿ ಹಾಕಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಮಹಾನಗರ ಪಾಲಿಕೆಗೆ, ಗದಗ, ಹಾವೇರಿಯಂಥ ಊರುಗಳಲ್ಲಿ ನಗರಸಭೆಗೆ. ಹಿಂದೆ ಮತ್ತು ಬದಿಗೆ ಎಷ್ಟು ಜಾಗ ಬಿಡಬೇಕೆಂಬುದು ನಿವೇಶನದ ಅಳತೆಯ ಮೇಲೆ ಬದಲಾಗುವುದರಿಂದ ಪರವಾನಗಿ ಕೈಗೆ ಬರುವವರೆಗೆ ಪಾಯ ತೋಡಬೇಡಿರಿ. ಕೆಲಸ ಮುಗಿದ ಮೇಲೆ ಹೆಚ್ಚಿದ ಚದರಡಿಯನ್ನು ಆಸ್ತಿ ತೆರಿಗೆಯ ಲೆಕ್ಕಕ್ಕೂ ಸೇರಿಸಬೇಕು.

ಮೂರನೆಯ ಹಂತ: ಹಳೆಯ ಮನೆಯ ಭಾರ ಎಲ್ಲಿ ಇಳಿಯುತ್ತದೆ

ಮಾಳಿಗೆ ಮನೆಯ ಮೇಲ್ಮುದ್ದೆಯ, ಅಂದರೆ ಚಾವಣಿಯ ಮಣ್ಣಿನ, ತೂಕವನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಮೇಲೆ 1 ಅಡಿ ದಪ್ಪದ ಮಣ್ಣಿದ್ದರೆ ಅದು 4ರಿಂದ 5 ಟನ್ ತೂಗುತ್ತದೆ. ಅದೇ ಅಳತೆಯ 5 ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಸುಮಾರು 3 ಟನ್. "ಸ್ಲ್ಯಾಬ್ ಹಗುರ, ಇದೇ ಗೋಡೆ ತಡೆಯುತ್ತದೆ" ಎಂದು ಹೇಳುವವರು ಸಿಗುತ್ತಾರೆ. ಆ ಮಾತನ್ನು ನಂಬಬಾರದು. ಅನೇಕ ಮಾಳಿಗೆ ಮನೆಗಳಲ್ಲಿ ಮಣ್ಣಿನ ಭಾರವು ಜಂತಿಯಿಂದ ತೊಲೆಗೆ, ತೊಲೆಯಿಂದ ಕಟ್ಟಿಗೆಯ ಕಂಬಕ್ಕೆ, ಕಂಬದಿಂದ ನೆಲಕ್ಕೆ ಇಳಿದಿರುತ್ತದೆ. ಮಣ್ಣಿನ ಗೋಡೆ ಮರೆಯಷ್ಟೇ. ಕಂಬ ತೆಗೆದು ಆ ಗೋಡೆಯ ಮೇಲೆ ಸ್ಲ್ಯಾಬ್ ಕೂರಿಸುವುದು ಎಂದೂ ಹೊರದ ಭಾರವನ್ನು ಅದರ ಮೇಲೆ ಹೇರಿದಂತೆ.

ಆದ್ದರಿಂದ ಯಾವ ಗೋಡೆ ಒಡೆಯುವ ಮೊದಲೂ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆದು ತೋರಿಸಿರಿ. ಅವರು ಬರುವ ಮೊದಲು ನೀವೇ ಮಾಡಬಹುದಾದ ಪರೀಕ್ಷೆಗಳೂ ಇವೆ. ತೊಲೆಗಳ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿರಿ. ಅದು ಸುಲಭವಾಗಿ ಒಳಹೊಕ್ಕರೆ ಗೆದ್ದಲು ಅಥವಾ ತೇವ ತುದಿಯನ್ನು ತಿಂದಿದೆ. ಬಿರುಕುಗಳ ಮೇಲೆ ಸಿಮೆಂಟ್ ತಿಳಿಯನ್ನು ತೆಳ್ಳಗೆ ಬಳಿದು ದಿನಾಂಕ ಬರೆದಿಡಿರಿ. ಒಂದೆರಡು ತಿಂಗಳಲ್ಲಿ ಅದು ಸೀಳಿದರೆ ಗೋಡೆ ಇನ್ನೂ ಅಲುಗುತ್ತಿದೆ. ಉಳಿಸಿಕೊಳ್ಳುವ ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು (ಪ್ಲಾಸ್ಟರ್) ಹಾಕಿಸಬೇಡಿರಿ, ಏಕೆಂದರೆ ಅದು ತೇವವನ್ನು ಒಳಗೇ ಹಿಡಿದಿಟ್ಟು ಕೆಲವೇ ವರ್ಷಗಳಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ಸುಣ್ಣದ ಗಾರೆ ಅಥವಾ ಮಣ್ಣಿನ ಗಿಲಾವೇ ಅದಕ್ಕೆ ಹೊಂದುತ್ತದೆ. ಕೆಡವಿದ ಭಾಗದ ಸಾಗವಾನಿ ಕಂಬ, ಬಾಗಿಲು ಚೌಕಟ್ಟುಗಳನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಿರಿ. ಅಷ್ಟು ಹದವಾಗಿ ಒಣಗಿದ ಕಟ್ಟಿಗೆ ಇಂದು ಹಣ ಕೊಟ್ಟರೂ ಸಿಗುವುದು ಕಷ್ಟ.

ನಾಲ್ಕನೆಯ ಹಂತ: ಪಾಯ, ಮತ್ತು ಹಳೆಯದು ಹೊಸದರ ನಡುವಿನ ಸಂದು

ಧಾರವಾಡದ ಪಶ್ಚಿಮಕ್ಕೆ ಕೆಂಪು ಮಸಾರಿ ನೆಲ ಹೆಚ್ಚು. ಹುಬ್ಬಳ್ಳಿಯಿಂದ ಅಣ್ಣಿಗೇರಿ, ನವಲಗುಂದ, ಗದಗದ ಕಡೆಗೆ ಸಾಗಿದಂತೆ ಎರೆಮಣ್ಣು. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅಂಥ ನೆಲದಲ್ಲಿ 3 ಅಡಿ ತೋಡಿ ಕಲ್ಲು ತುಂಬಿದರೆ ಪ್ರತಿ ಮಳೆಗಾಲದಲ್ಲಿ ಮನೆ ಏರುತ್ತದೆ, ಪ್ರತಿ ಬೇಸಿಗೆಯಲ್ಲಿ ಇಳಿಯುತ್ತದೆ, ಬಿರುಕು ನಿಲ್ಲುವುದಿಲ್ಲ. ಗಟ್ಟಿ ಗರಸು (ಕಲ್ಲುಚೂರು ಬೆರೆತ ಗಡಸು ಮಣ್ಣು) ಸಿಗುವವರೆಗೆ ತೋಡಬೇಕು, ಬದಿಗಳಿಗೆ ತೋಡಿ ತೆಗೆದ ಎರೆಮಣ್ಣನ್ನೇ ಮರಳಿ ತುಂಬದೆ ಗರಸು ಹಾಕಿ ದಮ್ಮಸು ಮಾಡಬೇಕು. ಗರಸು ತೀರಾ ಆಳದಲ್ಲಿದ್ದರೆ ಅಂಡರ್‌ರೀಮ್ಡ್ ಪೈಲ್ (ಬುಡದಲ್ಲಿ ಅಗಲವಾಗುವ ಆಳದ ಕಾಂಕ್ರೀಟ್ ಕಂಬ) ಪಾಯವನ್ನು ಇಂಜಿನಿಯರ್ ಸೂಚಿಸಬಹುದು. ಮನೆಯ ಸುತ್ತ 3 ಅಡಿ ಅಗಲಕ್ಕೆ ಫರಸಿ ಕಲ್ಲು ಹಾಸಿ ಮಳೆನೀರು ಪಾಯಕ್ಕೆ ಇಳಿಯದಂತೆ ನೋಡಿಕೊಳ್ಳುವುದು ಎರೆನೆಲದಲ್ಲಿ ಅತಿ ಅಗ್ಗದ ಮತ್ತು ಅತಿ ಫಲದಾಯಕ ಉಪಾಯ.

ಹೊಸ ಭಾಗವನ್ನು ಅದರದೇ ಕಾಲಮ್, ಪ್ಲಿಂತ್ ಬೀಮ್, ಸ್ಲ್ಯಾಬ್‌ಗಳ ಮೇಲೆ ಸ್ವತಂತ್ರವಾಗಿ ನಿಲ್ಲಿಸಿರಿ. ಹಳೆಯ ಮನೆ ದಶಕಗಳ ಹಿಂದೆಯೇ ತನ್ನ ಜಾಗದಲ್ಲಿ ಇಳಿದು ಕೂತಿದೆ, ಹೊಸದು ಇನ್ನು ಮೇಲೆ ಕೂರಬೇಕು. ಎರಡನ್ನೂ ಬಿಗಿಯಾಗಿ ಬೆಸೆದರೆ ಬೆಸುಗೆಯ ಜಾಗದಲ್ಲೇ ಸೀಳು ಬೀಳುತ್ತದೆ. ನಡುವೆ ಸುಮಾರು 1 ಇಂಚಿನ ಸಂದು ಬಿಟ್ಟು, ಥರ್ಮಕೋಲ್ ಹಲಗೆ ತುಂಬಿ, ಹೊರಮುಖಕ್ಕೆ ಹಿಗ್ಗಿ ಕುಗ್ಗುವ ಸೀಲೆಂಟ್ ಹಚ್ಚಿಸಿ, ಮಾಳಿಗೆಯ ಮೇಲೆ ಸಂದನ್ನು ಮುಚ್ಚುವ ಲೋಹದ ತಗಡು ಕೂರಿಸಬೇಕು. ಗೌಂಡಿಗಳು "ಸಂದು ಯಾಕ್ರೀ, ಗಾರಿ ತುಂಬಿಬಿಡೂಣು" ಎನ್ನುತ್ತಾರೆ. ಈ ಒಂದು ವಿಷಯದಲ್ಲಿ ಮಣಿಯಬೇಡಿರಿ.

ಐದನೆಯ ಹಂತ: ಗೋಡೆ, ಸ್ಲ್ಯಾಬ್ ಮತ್ತು ನೀರು

ಕಾಲದ ಆಯ್ಕೆ ಇಲ್ಲಿ ಮುಖ್ಯ. ಹಳೆಯ ಮಾಳಿಗೆಯನ್ನು ಬಿಚ್ಚುವ ಕೆಲಸವಿದ್ದರೆ ದೀಪಾವಳಿ ಕಳೆದ ಮೇಲೆ ಆರಂಭಿಸಿ, ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮೊದಲು ಸ್ಲ್ಯಾಬ್ ಮುಗಿಸುವ ಹಾಗೆ ಲೆಕ್ಕ ಹಾಕಿರಿ. ತೆರೆದಿಟ್ಟ ಮಣ್ಣಿನ ಗೋಡೆಗೆ ಒಂದು ರಾತ್ರಿಯ ಮಳೆ ಸಾಕು.

9 ಇಂಚಿನ ಗೋಡೆಗೆ 1:6, 4.5 ಇಂಚಿನ ಗೋಡೆಗೆ 1:4 ಪ್ರಮಾಣದ ಸಿಮೆಂಟ್-ಮರಳು ಗಾರೆ ಸರಿ. ಸ್ಲ್ಯಾಬ್‌ಗೆ ಎಂ20 ದರ್ಜೆಯ ಕಾಂಕ್ರೀಟ್ ಕನಿಷ್ಠ. ಮರಳು, ಗರಸು, ಜಲ್ಲಿ ನಮ್ಮಲ್ಲಿ ಬ್ರಾಸ್ ಲೆಕ್ಕದಲ್ಲಿ ಬರುತ್ತವೆ. 1 ಬ್ರಾಸ್ ಎಂದರೆ 100 ಘನ ಅಡಿ. ಟಿಪ್ಪರ್ ಸುರಿಯುವ ಮೊದಲೇ ಅದರ ಡಬ್ಬಿಯ ಉದ್ದ, ಅಗಲ ಮತ್ತು ತುಂಬಿದ ಎತ್ತರವನ್ನು ಅಳೆದುಕೊಳ್ಳಿರಿ. 4.5 ಮೀಟರ್‌ವರೆಗಿನ ಅಂತರದ ಸ್ಲ್ಯಾಬ್‌ಗೆ ಆಧಾರದ ಕಂಬಗಳನ್ನು ಕನಿಷ್ಠ 7 ದಿನ, ಅದಕ್ಕೂ ಹೆಚ್ಚಿನ ಅಂತರಕ್ಕೆ 14 ದಿನ ತೆಗೆಯಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಅದು ಕನಿಷ್ಠ ಮಿತಿಯಾದ್ದರಿಂದ ಸೆಂಟ್ರಿಂಗ್ ಬಾಡಿಗೆಯನ್ನು ನೋಡದೆ ಇನ್ನೊಂದು ವಾರ ಬಿಡುವುದು ಒಳ್ಳೆಯದು. ಪಿಪಿಸಿ, ಅಂದರೆ ಹಾರುಬೂದಿಯಂಥದ್ದು ಬೆರೆತ ಸಿಮೆಂಟಿಗೆ ನಮ್ಮ ಬಿಸಿಲಿನಲ್ಲಿ 14 ದಿನ ನೀರುಣಿಸಬೇಕು. ಜಲನಿರೋಧಕ ಹಚ್ಚಿದ ಮೇಲೆ ಮಾಳಿಗೆಯ ಮೇಲೆ 2 ಇಂಚು ನೀರು ಕಟ್ಟಿ 48 ಗಂಟೆ ಬಿಟ್ಟು, ಕೆಳಗೆ ತೇವ ಕಾಣದಿದ್ದರೆ ಮಾತ್ರ ಆ ಕೆಲಸದ ಹಣವನ್ನು ಪೂರ್ತಿ ಕೊಡಿರಿ.

ಮಲಪ್ರಭೆಯ ನೀರು ಹಲವು ದಿನ ಬಿಟ್ಟು ಬರುವ ಬಡಾವಣೆಯಾದರೆ ನೆಲದಡಿಯ ಟ್ಯಾಂಕನ್ನು ಈಗಲೇ ಕಟ್ಟಿಸಬೇಕು. ಒಬ್ಬರಿಗೆ ದಿನಕ್ಕೆ 135 ಲೀಟರ್‌ನಂತೆ 6 ಜನರ ಮನೆಗೆ 6 ದಿನಕ್ಕೆ ಸುಮಾರು 4,900 ಲೀಟರ್ ಬೇಕಾಗುತ್ತದೆ. ಮಾಳಿಗೆಯ ಮೇಲಿನ 1,000 ಲೀಟರ್ ಟ್ಯಾಂಕ್ ತುಂಬಿದಾಗ 1 ಟನ್ ತೂಗುವುದರಿಂದ ಅದು ಕಾಲಮ್‌ಗಳ ಮೇಲೆಯೇ ಬರಬೇಕು. ಅದನ್ನು ಹಳೆಯ ಭಾಗದ ಮೇಲೆ ಎಂದೂ ಇಡಿಸಬೇಡಿರಿ.

ಇನ್ನೊಂದು ಮಾತು. ಹೊಸ ಅಡುಗೆಮನೆಗೆ ನಳ, ಅನಿಲ ಮತ್ತು ದೀಪ ಮೂರೂ ಬರುವವರೆಗೆ ಹಳೆಯದನ್ನು ಮುಟ್ಟಬಾರದು. ಧೂಳಿನ ನಡುವೆ ಪಡಸಾಲೆಯ ಮೂಲೆಯಲ್ಲಿ ತಿಂಗಳುಗಟ್ಟಲೆ ಅಡುಗೆ ಮಾಡುವ ಕಷ್ಟ ಮನೆಯ ಹೆಣ್ಣುಮಕ್ಕಳ ಮೇಲೆಯೇ ಬೀಳುತ್ತದೆ, ಮತ್ತು ಅದು ಯಾವ ಅಂದಾಜುಪಟ್ಟಿಯಲ್ಲೂ ಕಾಣುವುದಿಲ್ಲ.

ಆರನೆಯ ಹಂತ: ವೈರಿಂಗ್

ಹಳೆಯ ಕಟ್ಟಿಗೆಪಟ್ಟಿಯ ವೈರಿಂಗಿಗೆ ಹೊಸ ಕೋಣೆಯ ತಂತಿ ಸೇರಿಸಬಾರದು, ಪೂರ್ತಿ ಬದಲಾಯಿಸಬೇಕು. ದೀಪ, ಫ್ಯಾನ್‌ಗಳಿಗೆ 1.5 ಚದರ ಮಿಲಿಮೀಟರ್, ಸಾಕೆಟ್‌ಗಳಿಗೆ 2.5, ಗೀಸರ್ ಮತ್ತು ಇಂಡಕ್ಷನ್ ಒಲೆಯಂಥವುಗಳಿಗೆ ಪ್ರತ್ಯೇಕವಾಗಿ 4 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆಸಿರಿ. ಒಳ್ಳೆಯ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸರಬರಾಜು ಕಡಿಯುವ ಸ್ವಿಚ್) ಇಲ್ಲದೆ ಒದ್ದೆ ಕೈಯ ಅಡುಗೆಮನೆಗೆ ವಿದ್ಯುತ್ ಕೊಡಿಸಬೇಡಿರಿ. ಉಪಕರಣಗಳು ಹೆಚ್ಚಾದರೆ ಪರವಾನಗಿ ಇರುವ ಗುತ್ತಿಗೆದಾರರ ಮೂಲಕ ವಿದ್ಯುತ್ ಕಂಪನಿಯಾದ ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕು. ಗಿಲಾವು ಹಾಕುವ ಮೊದಲು ಪ್ರತಿ ಗೋಡೆಗೆ ಅಳತೆಪಟ್ಟಿ ಹಿಡಿದು ಪೈಪುಗಳ ಫೋಟೋ ತೆಗೆದಿಡಿರಿ.

ಅನಿಲದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಸಿಲಿಂಡರ್‌ನ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಅದಕ್ಕೆ ನೆಲದ ಮಟ್ಟದಲ್ಲಿ ಜಾಲರಿ ಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದಕ್ಕೆ ಮೇಲ್ಗಡೆ ಜಾಲರಿ ಬೇಕು. ಎರಡನ್ನೂ ಇಟ್ಟರೆ ಮುಂದೆ ಯಾವುದು ಬಂದರೂ ಚಿಂತೆಯಿಲ್ಲ.

ಏಳನೆಯ ಹಂತ: ಅಡುಗೆಮನೆಯ ದೀಪ

ನಮ್ಮ ಮನೆಗಳಲ್ಲಿ ವಾಡಿಕೆ ಎಂದರೆ ಬಾಗಿಲ ಮೇಲೋ ಎದುರು ಗೋಡೆಗೋ ಒಂದು ಟ್ಯೂಬ್‌ಲೈಟ್. ಕಟ್ಟೆಗೆ ಮುಖ ಮಾಡಿ ನಿಂತವರಿಗೆ ಆ ದೀಪ ಬೆನ್ನ ಹಿಂದಾಗುತ್ತದೆ, ಅವರ ನೆರಳು ಅವರ ಕೆಲಸದ ಮೇಲೆಯೇ ಬೀಳುತ್ತದೆ. ನಿಮ್ಮ ಅಡುಗೆಮನೆಯಲ್ಲಿ ಈ ಸಂಜೆಯೇ ನೋಡಿರಿ: ಕಟ್ಟೆಯ ಮೇಲೆ ಬಿಳಿ ಹಾಳೆ ಇಟ್ಟು, ನಿತ್ಯ ನಿಲ್ಲುವ ಜಾಗದಲ್ಲಿ ನಿಂತು ಕೈಯನ್ನು ಹಾಳೆಯಿಂದ ಒಂದು ಗೇಣು ಮೇಲೆ ಹಿಡಿಯಿರಿ. ಹಾಳೆಯ ಮೇಲೆ ದಟ್ಟ ನೆರಳು ಬಿದ್ದರೆ ದೀಪದ ಜಾಗ ತಪ್ಪಾಗಿದೆ. ಹೆಚ್ಚು ವ್ಯಾಟಿನ ದೀಪ ಹಾಕಿದರೆ ಆ ನೆರಳು ಇನ್ನಷ್ಟು ಎದ್ದು ಕಾಣುವುದೇ ಹೊರತು ಹೋಗುವುದಿಲ್ಲ.

ಲೆಕ್ಕವನ್ನು ಹೀಗೆ ಹಾಕಬಹುದು. ಲುಮೆನ್ ಎಂದರೆ ದೀಪ ಕೊಡುವ ಒಟ್ಟು ಬೆಳಕು, ಲಕ್ಸ್ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಬೀಳುವ ಲುಮೆನ್. ತರಕಾರಿ ಹೆಚ್ಚುವ, ಹಿಟ್ಟು ನಾದುವ ಕಟ್ಟೆಗೆ 300ರಿಂದ 500 ಲಕ್ಸ್ ಬೆಳಕು ಬೇಕು. ಓಡಾಡುವ ಜಾಗಕ್ಕೆ 150 ಲಕ್ಸ್ ಸಾಕು. 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಸುಮಾರು 2,000 ಲುಮೆನ್ ಕೊಡುತ್ತದೆ. ಗೋಡೆಯ ಬಣ್ಣ ತಿಳಿಯಾಗಿದ್ದರೆ ಅದರ ಅರ್ಧದಷ್ಟು ಕೆಲಸದ ಮಟ್ಟಕ್ಕೆ ತಲುಪಿತೆಂದುಕೊಳ್ಳಿರಿ. 10 ಅಡಿಗೆ 8 ಅಡಿಯ, ಅಂದರೆ ಸುಮಾರು 7.4 ಚದರ ಮೀಟರ್ ಕೋಣೆಯಲ್ಲಿ ಅದು 135 ಲಕ್ಸ್ ಆಯಿತು. ಒಂದು ಟ್ಯೂಬ್ ಓಡಾಟಕ್ಕೆ ಹೆಚ್ಚುಕಡಿಮೆ ಸಾಕು, ಕಟ್ಟೆಗೆ ಸಾಲದು ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಕಟ್ಟೆಗೆ ಅದರದೇ ದೀಪ ಬೇಕು, ಅದು ನಿಂತವರ ಮುಂದೆ ಇರಬೇಕು.

ಮೇಲೆ ಕಪಾಟುಗಳಿದ್ದರೆ ಅವುಗಳ ತಳದಲ್ಲಿ ಅಲ್ಯೂಮಿನಿಯಂ ಪಟ್ಟಿಯೊಳಗಿನ ಎಲ್‌ಇಡಿ ಸ್ಟ್ರಿಪ್ ಕೂರಿಸಿರಿ. ಮೀಟರಿಗೆ 8ರಿಂದ 10 ವ್ಯಾಟ್ ಸಾಕಾಗುತ್ತದೆ. ಅಲ್ಯೂಮಿನಿಯಂ ಪಟ್ಟಿ ಬಿಸಿಯನ್ನು ಹೊರಹಾಕಿ ದೀಪದ ಆಯುಷ್ಯ ಕಾಯುತ್ತದೆ. ಅದನ್ನು ಗೋಡೆಯ ಕಡೆಗೆ ಹಚ್ಚದೆ ಕಪಾಟಿನ ಮುಂದಿನ ಅಂಚಿನ ಹತ್ತಿರ, ಸಣ್ಣ ಪಟ್ಟಿಯ ಮರೆಯಲ್ಲಿ ಹಚ್ಚಬೇಕು. ಹಾಗಾದರೆ ಬೆಳಕು ಇಡೀ ಕಟ್ಟೆಗೆ ಹರಡುತ್ತದೆ, ಕಣ್ಣಿಗೆ ಚುಚ್ಚುವುದಿಲ್ಲ. ಹೊಳಪಿನ ಕಪ್ಪು ಗ್ರಾನೈಟ್ ಹಾಕಿಸಿದವರು ಹಾಲುಬಿಳಿ ಮುಚ್ಚಳವಿರುವ ಪಟ್ಟಿಯನ್ನೇ ಆರಿಸಬೇಕು, ಇಲ್ಲದಿದ್ದರೆ ಎಲ್‌ಇಡಿಯ ಚುಕ್ಕಿಗಳೆಲ್ಲ ಕಲ್ಲಿನಲ್ಲಿ ಪ್ರತಿಬಿಂಬಿಸಿ ಕಣ್ಣು ದಣಿಯುತ್ತದೆ. ಕಪಾಟು ಬೇಡವೆನ್ನುವವರು ಕಟ್ಟೆಯಿಂದ 2 ಅಡಿ ಮೇಲಿನ ಕಡಪ ಕಲ್ಲಿನ ಹಲಗೆಯ ಕೆಳಗೆ ಸಾದಾ ಎಲ್‌ಇಡಿ ಬ್ಯಾಟನ್ ಹಚ್ಚಿದರೆ ಅದೇ ಫಲ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ಫಾಲ್ಸ್ ಸೀಲಿಂಗಿನ ಗುಂಡು ದೀಪಗಳನ್ನು ಫ್ಯಾನಿನ ರೆಕ್ಕೆಗಳ ಮೇಲೆ ಬರದಂತೆ ಇಡಬೇಕು; ಬಂದರೆ ಇಡೀ ಕೋಣೆ ಮಿಣುಕುತ್ತದೆ.

ಬೆಳಕಿನ ಬಣ್ಣದ ಆಯ್ಕೆಯಲ್ಲಿ ನಾವು ಹೆಚ್ಚು ಎಡವುತ್ತೇವೆ. ಅದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಅಂಗಡಿಯಲ್ಲಿ ಕೇಳದೆ ಕೊಡುವುದು 6500 ಕೆಲ್ವಿನ್‌ನ ನೀಲಿಬಿಳಿ ದೀಪ. 3000 ಕೆಲ್ವಿನ್‌ನದು ಹಳದಿ, ಊಟದ ಕೋಣೆಗೆ ಹಿತವಾಗಿರುತ್ತದೆ. ಅಡುಗೆ ಕಟ್ಟೆಗೆ ನನ್ನ ಆಯ್ಕೆ 4000 ಕೆಲ್ವಿನ್. ಅದಕ್ಕಿಂತಲೂ ಮುಖ್ಯವಾದದ್ದು ಪೊಟ್ಟಣದ ಮೇಲಿನ ಸಿಆರ್‌ಐ ಸಂಖ್ಯೆ, ಅಂದರೆ ವಸ್ತುಗಳ ನಿಜವಾದ ಬಣ್ಣವನ್ನು ದೀಪ ಎಷ್ಟರಮಟ್ಟಿಗೆ ತೋರಿಸುತ್ತದೆ ಎಂಬುದರ ಅಳತೆ. 80 ಕನಿಷ್ಠ, ಕಟ್ಟೆಯ ಮೇಲೆ 90 ಇದ್ದರೆ ಒಳ್ಳೆಯದು. ಕಡಿಮೆ ಸಿಆರ್‌ಐನ ಎಲ್‌ಇಡಿಗಳಲ್ಲಿ ದಟ್ಟ ಕೆಂಪಿನ ಅಂಶ ಕಡಿಮೆ ಇರುವುದರಿಂದ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಅವುಗಳ ಕೆಳಗೆ ಕಂದಾಗಿ ಕಾಣುತ್ತದೆ, ಮಸಾಲೆ ಹುರಿದದ್ದು ಹದವಾಯಿತೋ ಸೀಯಿತೋ ತಿಳಿಯುವುದಿಲ್ಲ. ಅಂಗಡಿಗೆ ಹೋಗುವಾಗ ಒಂದು ಸಣ್ಣ ಪೊಟ್ಟಣದಲ್ಲಿ ಖಾರದ ಪುಡಿ ಒಯ್ದು, ಉರಿಸಿದ ದೀಪದ ಕೆಳಗೆ ಹಿಡಿದು ನೋಡಿರಿ.

ಒಲೆಯ ಮೇಲೆ ಚಿಮಣಿ ಇದ್ದರೆ ಅದರ ದೀಪ ಸಾಕು. ಇಲ್ಲದಿದ್ದರೆ ಒಲೆಯ ನೇರ ಮೇಲೆ ದೀಪ ಬೇಡ, ಒಗ್ಗರಣೆಯ ಜಿಡ್ಡು ಅದನ್ನು ಕೆಲವೇ ತಿಂಗಳಲ್ಲಿ ಮಬ್ಬಾಗಿಸುತ್ತದೆ. ಒಂದೂವರೆ ಅಡಿ ಬದಿಗೆ ಸರಿಸಿ, ಒರೆಸಲು ಸುಲಭವಾದ ಮುಚ್ಚಿದ ದೀಪ ಹಾಕಿಸಿರಿ. ಸಿಂಕಿನ ಮೇಲಿನ ದೀಪ ನೀರು ಸಿಡಿದರೂ ತಾಳುವಂಥದ್ದಾಗಿರಲಿ. ಓಡಾಟದ ದೀಪಕ್ಕೂ ಕಟ್ಟೆಯ ದೀಪಕ್ಕೂ ಬೇರೆ ಬೇರೆ ಸ್ವಿಚ್ ಇರಬೇಕು, ಮತ್ತು ಕಟ್ಟೆಯ ದೀಪವೊಂದನ್ನಾದರೂ ಇನ್ವರ್ಟರ್ ಸಾಲಿಗೆ ಸೇರಿಸಬೇಕು.

ಕೊನೆಗೆ ರೊಟ್ಟಿಯ ಜಾಗ. ನಿಂತು ಹೆಚ್ಚಲು 33 ಇಂಚಿನ ಕಟ್ಟೆ ಸರಿಯಾದರೂ ತಟ್ಟುವಾಗ ಭುಜದ ಬಲ ಬೀಳಬೇಕಾದ್ದರಿಂದ ರೊಟ್ಟಿಗೆ 30 ಇಂಚಿನ ತಗ್ಗು ಕಟ್ಟೆ ಬೇಕು. ಕುಳಿತು ತಟ್ಟುವ ರೂಢಿಯಿದ್ದರೆ ನೆಲದಲ್ಲೇ ಜಾಗ ಬಿಡಬೇಕು. ತಟ್ಟುವವರು ನೋಡುವುದು ರೊಟ್ಟಿಯ ಅಂಚನ್ನು, ಅದು ಎಲ್ಲಿ ತೆಳುವಾಯಿತು, ಎಲ್ಲಿ ಸೀಳಿತು ಎಂಬುದನ್ನು. ಬಿಳಿ ಹಿಟ್ಟಿನ ಮೇಲಿನ ಬಿಳಿ ರೊಟ್ಟಿಯಲ್ಲಿ ಆ ಸೀಳು ಕಾಣಬೇಕಾದರೆ ಬೆಳಕು ಒಂದು ಬದಿಯಿಂದ ತುಸು ಓರೆಯಾಗಿ ಬೀಳಬೇಕು. ಬಲಗೈಯಲ್ಲಿ ತಟ್ಟುವವರಿಗೆ ಎಡಗಡೆಯಿಂದ ಬಂದರೆ ಕೈಯ ನೆರಳು ಅಡ್ಡವಾಗುವುದಿಲ್ಲ. ನಾವು ದೀಪವನ್ನು ಗೋಡೆಗೆ ಬಿಗಿಯುವ ಮೊದಲು ಉದ್ದ ವೈರಿನ ತುದಿಗೆ ಕಟ್ಟಿ, ಅವ್ವ ತಟ್ಟುತ್ತಿರುವಾಗಲೇ ಮೇಲೆ ಕೆಳಗೆ ಹಿಡಿದು ನೋಡಿದೆವು. ಕಟ್ಟೆಯಿಂದ 20 ಇಂಚು ಮೇಲೆ, ಎಡಕ್ಕೆ ಒಂದು ಮೊಳ ದೂರದಲ್ಲಿ ಹಿಡಿದಾಗ "ಹಾಂ, ಅಲ್ಲೇ ಇರ್ಲಿ" ಎಂದಳು. ಎಲೆಕ್ಟ್ರಿಷಿಯನ್ ಅಲ್ಲಿಯೇ ಪೆನ್ಸಿಲಿನಿಂದ ಗುರುತು ಹಾಕಿ ತೂತು ಕೊರೆದರು.